ಗಂಜಿಯಮ್ಮನ ಇಪ್ಪತ್ತನಾಲ್ಕು ಮಕ್ಕಳು

ರೋಗಾಣುಗಳಿಗೆ ಅಡುಗೆ ಮಾಡಿ ಹಾಕುವುದೂ ಒಂದು ಉದ್ಯೋಗ ಎಂದರೆ ಬಹಳ ಜನ ನಂಬುವುದಿಲ್ಲ. ಗಂಜಿಯಮ್ಮ ಆ ಉದ್ಯೋಗದಲ್ಲಿ ಹತ್ತೊಂಬತ್ತು ವರ್ಷ ಸವೆಸಿದ್ದಳು. ಸಂಶೋಧನಾಲಯದ ನೆಲಮಹಡಿಯ ಕೊನೆಯ ಕೋಣೆ ಅವಳದು. ಗೋಡೆಗೆ ಒರಗಿದಂತೆ ಆಳೆತ್ತರದ ಉಗಿಯಂತ್ರ, ಮೇಜಿನ ಮೇಲೆ ತಕ್ಕಡಿ, ಕಪಾಟಿನ ತುಂಬ ಪುಡಿಗಳ ಡಬ್ಬಿಗಳು. ಬೆಳಿಗ್ಗೆ ಎಂಟಕ್ಕೆ ಬಂದು ಪುಡಿ ತೂಗಿ, ನೀರಿನಲ್ಲಿ ಕದಡಿ, ಕುದಿಸಿ, ಉಗಿಯಂತ್ರದೊಳಗೆ ಬೇಯಿಸಿ, ಬೆಚ್ಚಗಿರುವಾಗಲೇ ಅಂಗೈಯಗಲದ ಗಾಜಿನ ತಟ್ಟೆಗಳಿಗೆ ಸುರಿದರೆ ಅದು ತಣ್ಣಗಾಗಿ ಹಲ್ವಾದಂತೆ ಗಟ್ಟಿಯಾಗುತ್ತಿತ್ತು. ಮಹಡಿಯ ಮೇಲಿನ ವಿಜ್ಞಾನಿಗಳು ಅದರ ಮೇಲೆ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದರು. ಪುಸ್ತಕದಲ್ಲಿ ಅದಕ್ಕೆ ಉದ್ದನೆಯ ಹೆಸರಿತ್ತು. ಇಲ್ಲಿ ಎಲ್ಲರೂ ಗಂಜಿ ಎನ್ನುತ್ತಿದ್ದರು. ಮಾಡುವವಳು ಗಂಜಿಯಮ್ಮ.

"ಒಂದಕ್ಕೆ ಸಕ್ಕರೆ ಬೇಕು, ಒಂದಕ್ಕೆ ಸಕ್ಕರೆ ಕಂಡರಾಗದು, ಇನ್ನೊಂದಕ್ಕೆ ರಕ್ತ ಹಾಕದಿದ್ದರೆ ಮುಖ ತಿರುಗಿಸುತ್ತೆ," ಎಂದು ಅವಳು ಮನೆಯಲ್ಲಿ ಹೇಳುತ್ತಿದ್ದಳು. "ನೀವೇ ವಾಸಿ. ಬಡಿಸಿದ್ದು ತಿಂತೀರಿ."

"ಬೇರೆ ದಾರಿ ಇದ್ದರೆ ತಾನೆ," ಎನ್ನುತ್ತಿದ್ದ ಗಂಡ. ಅವನು ದರ್ಜಿ. ಮನೆಯ ಮುಂಭಾಗದ ಕೋಣೆಯೇ ಅವನ ಅಂಗಡಿ.

ಆ ಮಂಗಳವಾರ ಮಧ್ಯಾಹ್ನ ಗಂಜಿಯಮ್ಮ ತಟ್ಟೆಗಳಿಗೆ ಗಂಜಿ ಸುರಿಯುತ್ತಿದ್ದಾಗ ಗುಬ್ಬಿ ಕಾಗದದ ಕಟ್ಟು ಅವುಚಿಕೊಂಡು ಒಳಗೆ ಬಂದಳು. ಗುಬ್ಬಿ ಎಂದರೆ ಎರಡನೇ ಮಹಡಿಯಲ್ಲಿ ಆರು ವರ್ಷದಿಂದ ಸಂಶೋಧನೆ ಮಾಡುತ್ತಿರುವ ಹುಡುಗಿ. ಪುಟ್ಟ ಆಳು, ನಡೆಯುವುದಕ್ಕಿಂತ ಕುಪ್ಪಳಿಸುವುದೇ ಹೆಚ್ಚು. ಮುಂದಿನ ತಿಂಗಳ ಹದಿನೆಂಟಕ್ಕೆ ಅವಳ ಮೌಖಿಕ ಪರೀಕ್ಷೆ. ಹೊರಗಿನಿಂದ ಪರೀಕ್ಷಕರು ಬಂದು ಆರು ವರ್ಷದ ಕೆಲಸವನ್ನು ಒಂದೇ ಬೆಳಿಗ್ಗೆ ತೂಗಿ ನೋಡುತ್ತಾರೆ. ತೂಕ ಸರಿಬಂದರೆ ಹೆಸರಿನ ಮುಂದೆ ಡಾಕ್ಟರ್. ಇಲ್ಲದಿದ್ದರೆ ಇನ್ನೆಷ್ಟು ವರ್ಷವೋ.

"ಗಂಜಿಯಮ್ಮ, ನಾನು ಹೇಳ್ತೀನಿ, ನೀವು ಕೇಳಿ. ನಿಮಗೆ ಅರ್ಥವಾದರೆ ಪರೀಕ್ಷಕರಿಗೂ ಅರ್ಥವಾದ ಹಾಗೆ."

"ಅಂದರೆ ನಾನು ದಡ್ಡಿ ಅಂತಲೋ, ಅವರು ದಡ್ಡರು ಅಂತಲೋ?"

"ಅಯ್ಯೋ, ಸುಮ್ನೆ ಕೇಳೀಂದ್ರೆ!" ಗುಬ್ಬಿ ಎತ್ತರದ ಸ್ಟೂಲಿನ ಮೇಲೆ ಹತ್ತಿ ಕೂತಳು. "ಮೂತ್ರದ ದಾರೀಲಿ ಸೇರ್ಕೊಳ್ಳೋ ಒಂದು ಬ್ಯಾಕ್ಟೀರಿಯಾ ಇದೆ. ಅದರ ಹತ್ತಿರ ಒಂದು ಕಿಣ್ವ ಇದೆ. ಕಿಣ್ವ ಅಂದರೆ ಪುಟ್ಟ ಕತ್ತರಿ ಅಂದ್ಕೊಳ್ಳಿ. ಮೂತ್ರದಲ್ಲಿರೋ ಯೂರಿಯಾನ ಅದು ಕತ್ತರಿಸುತ್ತೆ. ಕತ್ತರಿಸಿದ ಚೂರು ಅದಕ್ಕೆ ಊಟ. ನಮಗೆ ಮಾತ್ರ ಅದರಿಂದ ಮೂತ್ರಪಿಂಡದಲ್ಲಿ ಕಲ್ಲು."

"ಅದಕ್ಕೆ ಊಟ, ನಮಗೆ ಕಲ್ಲು. ಒಳ್ಳೇ ನ್ಯಾಯ."

"ಆ ಕತ್ತರಿ ಮಾಡೋದು ಹೇಗೆ ಅನ್ನೋದು ಬ್ಯಾಕ್ಟೀರಿಯಾದ ಒಂದು ಜೀನಿನಲ್ಲಿ ಬರೆದಿರುತ್ತೆ. ರೋಗಿಗಳಿಂದ ತೆಗೆದ ಇಪ್ಪತ್ತನಾಲ್ಕು ಬ್ಯಾಕ್ಟೀರಿಯಾ ನಮ್ಮ ಫ್ರೀಜರಿನಲ್ಲಿವೆಯಲ್ಲ, ಅಷ್ಟರಲ್ಲೂ ಆ ಜೀನ್ ಓದಿದೆ. ಏನಾಗಿದೆ ಗೊತ್ತಾ?" ಅವಳು ದನಿ ತಗ್ಗಿಸಿದಳು. "ಇಪ್ಪತ್ತರಲ್ಲಿ ಜೀನ್ ಕೆಟ್ಟುಹೋಗಿದೆ! ಕತ್ತರಿಯೇ ಇಲ್ಲ! ಅಂದರೆ ರೋಗಿಯ ಮೈಯೊಳಗೆ ಇದ್ದಾಗಲೇ ಅವು ಕತ್ತರಿ ಬಿಸಾಕಿವೆ. ನಮ್ಮ ದೇಹದ ಕಾವಲು ಕಣಗಳಿಗೆ ಗುರುತು ಸಿಗಬಾರದು ಅಂತ. ಕಳ್ಳ ಅಂಗಿ ಬದಲಾಯಿಸಿದ ಹಾಗೆ. ಯಾವ ಬದಲಾವಣೆ ಉಳಿಬೇಕು, ಯಾವುದು ಅಳಿಬೇಕು ಅಂತ ಸುತ್ತಲಿನ ಪರಿಸರ ಆರಿಸುತ್ತೆ. ಅದಕ್ಕೆ ಆಯ್ಕೆಯ ಒತ್ತಡ ಅಂತಾರೆ. ಇಲ್ಲಿ ಆ ಒತ್ತಡ ಹಾಕಿರೋದು ರೋಗಿಯ ದೇಹ. ಇದನ್ನ ಇಲ್ಲೀವರೆಗೆ ಯಾರೂ ನೋಡಿಲ್ಲ!"

ಗಂಜಿಯಮ್ಮನ ಕೈ ಅರ್ಧ ತುಂಬಿದ ತಟ್ಟೆಯ ಮೇಲೆ ನಿಂತಿತು.

"ರೋಗಿಯ ಮೈಯೊಳಗೇ ಬಿಸಾಕಿವೆ ಅಂತ ಹೇಗೆ ಹೇಳ್ತೀಯ ಮಗು? ಆಮೇಲೆ ಬಿಸಾಕಿರಬಾರದಾ?"

"ಆಮೇಲೆ ಎಲ್ಲಿ? ರೋಗಿಯಿಂದ ತೆಗೆದ ವಾರದಲ್ಲೇ ಫ್ರೀಜರಿಗೆ ಹೋಗಿವೆ. ಅಲ್ಲಿ ಕಲ್ಲಿನ ಹಾಗೆ ಹೆಪ್ಪುಗಟ್ಟಿರುತ್ತವೆ, ಬೆಳೆಯಲ್ಲ, ಬದಲಾಗಲ್ಲ. ಸೀಸೆಗಳ ಮೇಲೆ ಹನ್ನೊಂದು ವರ್ಷದ ಹಿಂದಿನ ತಾರೀಖಿದೆ. ನಿಮ್ಮದೇ ಅಕ್ಷರ!"

ತಟ್ಟೆ ತುಂಬಿ ಗಂಜಿ ಮೇಜಿನ ಮೇಲೆ ಹರಿಯಿತು.

"ಚೆಲ್ತಾ ಇದೆ, ಚೆಲ್ತಾ ಇದೆ!" ಎಂದು ಗುಬ್ಬಿ ಬಟ್ಟೆ ತಂದು ಒರೆಸಿದಳು. "ಅಷ್ಟು ಚೆನ್ನಾಗಿ ಹೇಳಿದೆನಾ ನಾನು?"

"ಚೆನ್ನಾಗಿ ಹೇಳಿದೆ ಕಣೇ. ಎಲ್ಲಾ ಅರ್ಥವಾಯ್ತು," ಎಂದಳು ಗಂಜಿಯಮ್ಮ. ಅರ್ಥವಾಗದಿದ್ದರೇ ಚೆನ್ನಾಗಿತ್ತು ಎಂದು ಅವಳಿಗೆ ಅನ್ನಿಸಿತು.

ಅಕ್ಷರ ಅವಳದೇ, ಸುಳ್ಳಲ್ಲ. ಆದರೆ ಆ ಸೀಸೆಗಳಿಗೊಂದು ಕಥೆಯಿತ್ತು. ಅವು ಫ್ರೀಜರಿಗೆ ಸೇರಿದ ಕೆಲವೇ ತಿಂಗಳಿಗೆ, ಗುಬ್ಬಿ ಇಲ್ಲಿಗೆ ಕಾಲಿಡುವುದಕ್ಕೆ ಎಷ್ಟೋ ಮುಂಚೆ, ಒಂದು ರಜೆಯ ವಾರದಲ್ಲಿ ಹಳೆಯ ಫ್ರೀಜರ್ ಕೈಕೊಟ್ಟಿತ್ತು. ಸೋಮವಾರ ಬಂದು ಬಾಗಿಲು ತೆರೆದರೆ ಒಳಗೆಲ್ಲ ನೀರು. ಈಗ ಗುಬ್ಬಿಗೆ ಮಾರ್ಗದರ್ಶಕರಾಗಿರುವ ಮೇಷ್ಟ್ರು ಆಗ ಒಂದು ವರ್ಷಕ್ಕೆಂದು ಪರದೇಶಕ್ಕೆ ಹೋಗಿದ್ದರು. ಆಗಿದ್ದ ಮೇಲ್ವಿಚಾರಕರು ತಲೆ ಮೇಲೆ ಕೈಹೊತ್ತು ಕೂತರು. ಗಂಜಿಯಮ್ಮ ಸುಮ್ಮನೆ ಕೂರಲಿಲ್ಲ. ಕರಗಿದ ಸೀಸೆಗಳಿಂದ ಒಂದೊಂದು ಹನಿ ಎತ್ತಿ ಗಂಜಿಯ ಮೇಲೆ ಹಚ್ಚಿದಳು. ಇಪ್ಪತ್ತನಾಲ್ಕು ಬದುಕಿಕೊಂಡವು. "ಹೊಸ ಫ್ರೀಜರ್ ಬರೋವರೆಗೆ ನಾನು ನೋಡ್ಕೋತೀನಿ" ಎಂದಳು. ಮೇಲ್ವಿಚಾರಕರು "ಹೂಂ" ಎಂದು ಕಾಗದ ಬರೆಯಲು ಹೋದರು.

ಆ ಕಾಗದ ಮೇಜಿನಿಂದ ಮೇಜಿಗೆ ಹೋಗಿ ಫ್ರೀಜರ್ ಆಗಿ ಬರುವಷ್ಟರಲ್ಲಿ ಐದು ವರ್ಷವಾಗಿತ್ತು. ಮೇಲ್ವಿಚಾರಕರು ನಿವೃತ್ತರಾಗಿ ಹೋಗಿದ್ದರು. ಅಷ್ಟು ಕಾಲವೂ ಗಂಜಿಯಮ್ಮ ವಾರಕ್ಕೊಮ್ಮೆ ಇಪ್ಪತ್ತನಾಲ್ಕಕ್ಕೂ ಹೊಸ ತಟ್ಟೆ ಹಾಕಿದ್ದಳು. ಶುಕ್ರವಾರ ತಟ್ಟೆಯ ಮೇಲೆ ತೆಳ್ಳಗೆ ಹಚ್ಚಿಟ್ಟರೆ ಸೋಮವಾರಕ್ಕೆ ಚುಕ್ಕೆ ಚುಕ್ಕೆಯಾಗಿ ಎದ್ದಿರುತ್ತಿದ್ದವು. ಒಂದೊಂದು ಚುಕ್ಕೆ ಒಂದೊಂದು ಸಂಸಾರ. ತಂತಿಯ ತುದಿಯಿಂದ ಒಂದು ಚುಕ್ಕೆ ಎತ್ತಿ ಹೊಸ ಗಾಜಿನ ನಳಿಗೆಯ ಗಂಜಿಗೆ ದಾಟಿಸುವುದು, ಉಳಿದದ್ದನ್ನು ಉಗಿಯಂತ್ರಕ್ಕೆ ಹಾಕುವುದು. ಹೊಸ ಫ್ರೀಜರ್ ಬಂದ ದಿನ, ಗುಬ್ಬಿ ಇಲ್ಲಿಗೆ ಸೇರುವ ಸ್ವಲ್ಪ ಮುಂಚೆ, ಇಪ್ಪತ್ತನಾಲ್ಕನ್ನೂ ಸೀಸೆಗೆ ತುಂಬಿ, ಮೇಲೆ ರೋಗಿಯಿಂದ ತೆಗೆದ ಮೂಲ ತಾರೀಖನ್ನೇ ಬರೆದಿದ್ದಳು. ಮಗುವಿಗೆ ಹೊಸ ತೊಟ್ಟಿಲು ಬಂತೆಂದು ಹುಟ್ಟಿದ ದಿನ ಬದಲಾಗುತ್ತದೆಯೇ? ಅವಳಿಗೆ ಹಾಗನ್ನಿಸಿತ್ತು. ಯಾರೂ ಕೇಳಲಿಲ್ಲ. ಅವಳೂ ಅದನ್ನು ದೊಡ್ಡ ವಿಷಯವೆಂದುಕೊಳ್ಳಲಿಲ್ಲ.

ಸಂಜೆ ಮನೆಗೆ ಬಂದವಳು ಚಪ್ಪಲಿ ಬಿಡದೆ ಹೊಲಿಗೆಯಂತ್ರದ ಪಕ್ಕ ಕೂತುಬಿಟ್ಟಳು. ಗಂಡ ಸೀಮೆಸುಣ್ಣದಲ್ಲಿ ಬಟ್ಟೆಯ ಮೇಲೆ ಗೆರೆ ಎಳೆಯುತ್ತಿದ್ದ. ಹತ್ತನೇ ತರಗತಿಯ ಮಗಳು ಕತ್ತರಿಸುವ ಮೇಜಿನ ಇನ್ನೊಂದು ತುದಿಯಲ್ಲಿ ಲೆಕ್ಕ ಮಾಡುತ್ತಿದ್ದಳು.

"ಯಾಕೆ, ಇವತ್ತು ರೋಗಾಣುಗಳು ಊಟ ಬಿಟ್ಟವಾ?" ಎಂದ ಗಂಡ.

ಗಂಜಿಯಮ್ಮ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದಳು. ಗಂಡ ಸೀಮೆಸುಣ್ಣ ಕಿವಿಗೆ ಸಿಕ್ಕಿಸಿಕೊಂಡು ಕೇಳಿದ.

"ನನಗೆ ನಿನ್ನ ಜೀನು ಗೀನು ತಿಳಿಯಲ್ಲ," ಎಂದ. "ಆದರೆ ನೀನು ಮಾಡಿದ್ದು ಏನು ಅಂತ ತಿಳೀತು. ಒಬ್ಬ ಗಿರಾಕಿ ಅಳತೆ ಕೊಟ್ಟು ಹೋದ ಅಂತಿಟ್ಕೋ. ಆ ಅಳತೆ ಚೀಟಿ ಕಳೀತು. ನಾನು ಹೊಲಿದ ಅಂಗಿ ನೋಡಿ ಇನ್ನೊಂದು ಅಂಗಿ ಹೊಲಿದೆ. ಅದನ್ನ ನೋಡಿ ಮತ್ತೊಂದು. ಹೀಗೆ ಇನ್ನೂರು ಅಂಗಿ. ಕೊನೇದು ಮೊದಲಿನ ಹಾಗೇ ಇರುತ್ತಾ?"

"ಒಳ್ಳೆ ದರ್ಜಿ ಆದರೆ ಇರಬೇಕಪ್ಪಾ," ಎಂದಳು ಮಗಳು ತಲೆಯೆತ್ತದೆ.

"ಬಾಯಿ ಮುಚ್ಚೇ. ಕೇಳಿಲ್ಲಿ. ಕಾಲರ್ ಮಾತ್ರ ಹಾಗೇ ಇರುತ್ತೆ. ಯಾಕೆ? ಕಾಲರ್ ಒಂದೆಳೆ ಸೊಟ್ಟಗಾದರೂ ಗಿರಾಕಿ ಕನ್ನಡಿ ಮುಂದೆ ನಿಂತು ಮೂತಿ ಸೊಟ್ಟ ಮಾಡ್ತಾನೆ. ಅಂಗಿ ವಾಪಸ್ಸು. ಆ ಸೊಟ್ಟ ಕಾಲರು ಮುಂದಿನ ಅಂಗಿಗೆ ಮಾದರಿ ಆಗಲ್ಲ. ಅದೇ ಜೇಬಿನ ಒಳಗಡೆ ಹೊಲಿಗೆ ನೋಡು. ಯಾರು ನೋಡ್ತಾರೆ ಅದನ್ನ? ಅಲ್ಲಿ ನನ್ನ ಕೈ ಹೇಗೆ ಬೇಕಾದರೂ ಹೋಗುತ್ತೆ. ಹೋಗಿದ್ದು ಹಾಗೇ ಮುಂದಿನ ಅಂಗಿಗೂ ಹೋಗುತ್ತೆ."

ಗಂಜಿಯಮ್ಮ ಅವನನ್ನೇ ನೋಡಿದಳು. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಈ ಮನುಷ್ಯ ಇಷ್ಟು ಉಪಯೋಗಕ್ಕೆ ಬರುವ ಮಾತು ಆಡಿದ್ದು ಅಪರೂಪ.

"ಅಂದರೆ ರೋಗಿಯ ಮೈಯೊಳಗೆ ಕತ್ತರಿ ಕೇಳೋ ಗಿರಾಕಿ ಇದ್ದ," ಎಂದಳು ನಿಧಾನವಾಗಿ. "ನನ್ನ ಅಡುಗೆಮನೇಲಿ ಇರಲಿಲ್ಲ. ನಾನೇ ಕಲಸಿ ಬಾಯಿಗಿಡ್ತಿದ್ದೆನಲ್ಲ. ಕತ್ತರಿ ಮುರಿದರೂ ಅವಕ್ಕೆ ಏನೂ ತೊಂದರೆ ಆಗಲಿಲ್ಲ."

"ಕೂತು ಉಣ್ಣೋ ಮನೆಅಳಿಯ ಆಗಿಬಿಟ್ಟವು ಅನ್ನು."

"ನಗಬೇಡ್ರೀ. ಅವಳ ಆರು ವರ್ಷದ ಕೆಲಸ ಅದರ ಮೇಲೆ ನಿಂತಿದೆ. ಹೇಳಿದರೆ ಬಿದ್ದುಹೋಗುತ್ತೆ."

"ಹೇಳದಿದ್ದರೆ?" ಎಂದಳು ಮಗಳು. ಪೆನ್ಸಿಲ್ ಕೆಳಗಿಟ್ಟಿದ್ದಳು. "ಅವರು ಡಾಕ್ಟರ್ ಆಗ್ತಾರೆ. ಆಮೇಲೆ ಎಲ್ಲೋ ಒಬ್ಬರು ಹೊಸ ಬ್ಯಾಕ್ಟೀರಿಯಾ ತೆಗೆದು ನೋಡ್ತಾರೆ. ಎಲ್ಲದರಲ್ಲೂ ಕತ್ತರಿ ಇರುತ್ತೆ. ಆಗ ಎಲ್ಲರೂ ಬೆರಳು ತೋರಿಸೋದು ಯಾರಿಗೆ, ನಿನಗಾ, ಅವರಿಗಾ?"

ಗಂಜಿಯಮ್ಮ ಎದ್ದು ಚಪ್ಪಲಿ ಬಿಟ್ಟು ಒಳಗೆ ಹೋದಳು.

ಮರುದಿನ ಗುಬ್ಬಿ ಬರುವುದನ್ನು ಕಾಯದೆ ಅವಳೇ ಎರಡನೇ ಮಹಡಿಗೆ ಹತ್ತಿದಳು. ಗುಬ್ಬಿ ಗೋಡೆಯ ಕಡೆ ಮುಖ ಮಾಡಿ, ಕೈ ಬೀಸುತ್ತ, ಗೋಡೆಗೇ ಭಾಷಣ ಹೊಡೆಯುತ್ತಿದ್ದಳು.

"ಮಗು, ನಿಲ್ಲಿಸು. ಆ ಸೀಸೆಗಳು ಐದು ವರ್ಷ ಫ್ರೀಜರಿನಲ್ಲಿ ಇರಲಿಲ್ಲ. ನನ್ನ ಹತ್ತಿರ ಇದ್ದವು."

ಗುಬ್ಬಿ ನಕ್ಕಳು. ಗಂಜಿಯಮ್ಮ ನಗಲಿಲ್ಲ. ಆಮೇಲೆ ಗುಬ್ಬಿಯ ಮುಖ ಮೆಲ್ಲಮೆಲ್ಲನೆ ಬದಲಾಯಿತು.

"ನಿಮ್ಮ ಹತ್ತಿರ ಅಂದರೆ?"

"ತಟ್ಟೆ ಮೇಲೆ. ವಾರಕ್ಕೊಂದು ಸಲ ಹೊಸ ಗಂಜಿ."

"ವಾರಕ್ಕೊಂದು ಸಲ." ಗುಬ್ಬಿ ಕುರ್ಚಿ ಹುಡುಕಿ ಕೂತಳು. "ಐದು ವರ್ಷ. ಇನ್ನೂರ ಅರವತ್ತು ಸಲ! ಮಧ್ಯೆ ರಜಾ ಗಿಜಾ ಹಾಕಲಿಲ್ವಾ ನೀವು?"

"ನನಗೆ ರಜಾ ಅಂತ ಅವಕ್ಕೆ ಹಸಿವು ಬಿಡುತ್ತಾ?"

"ಗಂಜಿಯಮ್ಮ, ಆ ತಾರೀಖು!"

"ಅದು ಅವು ಹುಟ್ಟಿದ ದಿನ ಅಂತ…" ಗುಬ್ಬಿ ಕಾಗದಗಳನ್ನು ಒಂದರ ಮೇಲೊಂದು ಜೋಡಿಸತೊಡಗಿದಳು. ಅಂಚಿಗೆ ಅಂಚು ಸೇರಿಸಿದಳು, ಬಿಡಿಸಿದಳು, ಮತ್ತೆ ಸೇರಿಸಿದಳು. "ನೀವು ಕೆಳಗೆ ಹೋಗಿ," ಎಂದಳು ಕೊನೆಗೆ. ಬೈಯಲಿಲ್ಲ. ಬೈದಿದ್ದರೆ ಗಂಜಿಯಮ್ಮನಿಗೆ ಎಷ್ಟೋ ಸಮಾಧಾನವಾಗುತ್ತಿತ್ತು.

ಬುಧವಾರ ಹೋಯಿತು, ಗುರುವಾರ ಹೋಯಿತು. ಅಡುಗೆಕೋಣೆಯ ಸ್ಟೂಲ್ ಖಾಲಿ ಬಿದ್ದಿತ್ತು. ಗಂಜಿಯಮ್ಮ ಒಂದು ಸಲ ಉಪ್ಪು ಎರಡು ಬಾರಿ ಹಾಕಿ ಇಡೀ ಪಾತ್ರೆ ಚೆಲ್ಲಬೇಕಾಯಿತು. ಹತ್ತೊಂಬತ್ತು ವರ್ಷದಲ್ಲಿ ಅದೇ ಮೊದಲು. ಮೇಷ್ಟ್ರಿಗೆ ವಿಷಯ ತಿಳಿದಿದೆ ಎಂದು ಯಾರೋ ಹೇಳಿದರು. ಅವರು ಕನ್ನಡಕ ತೆಗೆದು, ಒರೆಸಿ, ಹಾಕಿಕೊಂಡು, ಮತ್ತೆ ತೆಗೆದು ಒರೆಸಿದರಂತೆ. "ತಾರೀಖು ಯಾವುದು ಅಂತ ಹನ್ನೊಂದು ವರ್ಷದಲ್ಲಿ ನಾನೂ ಒಂದು ಸಲ ಕೇಳಬಹುದಿತ್ತಲ್ಲ" ಎಂದರಂತೆ. ಅಷ್ಟೇ.

ಶುಕ್ರವಾರ ಬೆಳಿಗ್ಗೆ ಗುಬ್ಬಿ ಬಂದಳು. ಕಣ್ಣು ಊದಿತ್ತು. ಆದರೆ ಕೈಯಲ್ಲಿ ಒಂದರ ಮೇಲೊಂದು ಹತ್ತು ತಟ್ಟೆ ಇದ್ದವು.

"ತೋರಿಸಿ," ಎಂದಳು.

"ಏನನ್ನ?"

"ಐದು ವರ್ಷ ಹೇಗೆ ಆರಿಸ್ತಿದ್ದಿರಿ ಅಂತ. ಪ್ರತಿ ತಟ್ಟೇಲಿ ನೂರಾರು ಚುಕ್ಕೆ ಇವೆ. ಒಂದು ಎತ್ತಿ. ಆಗ ಹೇಗೆ ಎತ್ತುತ್ತಿದ್ದಿರೋ ಹಾಗೇ. ಯೋಚನೆ ಮಾಡಬೇಡಿ."

ಗಂಜಿಯಮ್ಮ ಕೈ ತೊಳೆದು ತಂತಿಯನ್ನು ಜ್ವಾಲೆಯಲ್ಲಿ ಕೆಂಪಗೆ ಕಾಯಿಸಿದಳು. ಆರಿದ ಮೇಲೆ ಮೊದಲ ತಟ್ಟೆ ಬೆಳಕಿಗೆ ಹಿಡಿದಳು. ಕಣ್ಣು ತಾನೇ ತಾನಾಗಿ ಓಡಾಡಿ ಒಂದರ ಮೇಲೆ ನಿಂತಿತು. ಎತ್ತಿದಳು. ಎರಡನೆಯದು, ಮೂರನೆಯದು. ಹತ್ತೂ ಮುಗಿಯಲು ಹತ್ತು ನಿಮಿಷವೂ ಬೇಕಾಗಲಿಲ್ಲ. ಗುಬ್ಬಿ ಹತ್ತು ಚುಕ್ಕೆಗಳನ್ನೂ ಹತ್ತು ನಳಿಗೆಗಳಿಗೆ ಬಿಟ್ಟಳು. ಒಳಗೆ ಯೂರಿಯಾ ಬೆರೆಸಿದ ಹಳದಿ ದ್ರವ. ಬ್ಯಾಕ್ಟೀರಿಯಾದ ಹತ್ತಿರ ಕತ್ತರಿ ಇದ್ದರೆ ಯೂರಿಯಾ ತುಂಡಾಗಿ ದ್ರವ ಕಡುಗುಲಾಬಿಗೆ ತಿರುಗುತ್ತದೆ. ಇಲ್ಲದಿದ್ದರೆ ಹಳದಿ ಹಳದಿಯಾಗಿಯೇ ಉಳಿಯುತ್ತದೆ.

"ಈಗ ಹೇಳಿ. ಯಾಕೆ ಅದನ್ನೇ ಎತ್ತಿದಿರಿ?"

"ಯಾಕೆ ಅಂದರೆ… ದುಂಡು ದುಂಡಾಗಿ, ಮೈಕೈ ತುಂಬಿಕೊಂಡು ಚೆನ್ನಾಗಿದ್ದವು. ಸಣಕಲು ಎತ್ತಿದರೆ ಮುಂದಿನ ವಾರಕ್ಕೆ ಉಳಿಯುತ್ತೋ ಇಲ್ಲವೋ ಅಂತ ಭಯ ಆಗಲ್ವೇನೇ?"

ಸಂಜೆ ನಾಲ್ಕಕ್ಕೆ ನಳಿಗೆಗಳನ್ನು ಹೊರತೆಗೆದರು. ಒಂದು ಕಡುಗುಲಾಬಿ. ಉಳಿದ ಒಂಬತ್ತು ಹಳದಿ.

ಗುಬ್ಬಿ ಬಾಯಿಗೆ ಕೈ ಅಡ್ಡ ಹಿಡಿದಳು. ಭುಜ ಅಲುಗಿತು. ಅಳುತ್ತಿದ್ದಾಳೆಂದು ಗಂಜಿಯಮ್ಮ ಹತ್ತಿರ ಹೋದರೆ, ಹುಡುಗಿ ನಗುತ್ತಿದ್ದಳು. ಕಣ್ಣಲ್ಲಿ ನೀರು ಬರುವ ಹಾಗೆ ನಗುತ್ತಿದ್ದಳು.

"ಆ ತಟ್ಟೆಗಳಲ್ಲಿ ಕತ್ತರಿ ಇರೋದು ಅರ್ಧ, ಇಲ್ಲದ್ದು ಅರ್ಧ ಬೆರೆಸಿದ್ದೆ. ನಿಮಗೆ ಹೇಳಿರಲಿಲ್ಲ. ಕಣ್ಣು ಮುಚ್ಚಿ ಎತ್ತಿದರೆ ಐದು ಗುಲಾಬಿ, ಐದು ಹಳದಿ ಬರಬೇಕು. ನೀವು ಒಂಬತ್ತು ಹಳದಿ ಎತ್ತಿದ್ದೀರಿ!"

"ನಾನೇನು ಬೇಕು ಅಂತ ಎತ್ತಿದೆನಾ?"

"ಅದೇ ಗಂಜಿಯಮ್ಮ! ಕತ್ತರಿ ಮಾಡೋಕೆ ಬ್ಯಾಕ್ಟೀರಿಯಾಕ್ಕೆ ಬಹಳ ಶಕ್ತಿ ಬೇಕು. ರೋಗಿಯ ಮೈಯೊಳಗೆ ಆ ಶ್ರಮ ಸಾರ್ಥಕ. ನಿಮ್ಮ ಗಂಜೀಲಿ ದಂಡ. ಕತ್ತರಿ ಕೆಟ್ಟದ್ದಕ್ಕೆ ಆ ಶಕ್ತಿ ಎಲ್ಲಾ ಉಳೀತು. ಅದು ಬೇಗ ಬೆಳೀತು, ದುಂಡಗಾಯ್ತು. ಆ ದುಂಡಗಾದ್ದನ್ನೇ ನೀವು ಮುದ್ದು ಮಾಡಿ ಎತ್ತಿಕೊಂಡಿರಿ. ಇನ್ನೂರ ಅರವತ್ತು ಸಲ! ಆಯ್ಕೆಯ ಒತ್ತಡ, ಆಯ್ಕೆಯ ಒತ್ತಡ ಅಂತ ನಾನು ಬಡ್ಕೋತಿದ್ದೆನಲ್ಲ, ಅದು ನೀವೇ!"

"ನಾನಾ? ನೋಡಮ್ಮ, ನಾನು ಜನ್ಮದಲ್ಲಿ ಯಾರ ಮೇಲೂ ಒತ್ತಡ ಹಾಕಿದವಳಲ್ಲ."

"ನಿಮ್ಮ ಯಜಮಾನರನ್ನ ಕೇಳೋಣ್ವಾ?"

ಮೂರು ದಿನದ ಮೇಲೆ ಆ ಕೋಣೆಯಲ್ಲಿ ಮತ್ತೆ ನಗು ಕೇಳಿಸಿತು. ಆದರೆ ನಗುವಿನಿಂದ ಪ್ರಬಂಧ ಎದ್ದು ನಿಲ್ಲುವುದಿಲ್ಲ. ಹದಿನೆಂಟಕ್ಕೆ ನಾಲ್ಕು ವಾರವೂ ಪೂರ್ತಿ ಇರಲಿಲ್ಲ. ಗಂಜಿಯಮ್ಮ ಸ್ಟೂಲ್ ಎಳೆದು ಹುಡುಗಿಯ ಎದುರು ಕೂತು ಗಂಡ ಹೇಳಿದ್ದ ಕಾಲರಿನ ಮಾತು, ಜೇಬಿನ ಮಾತು ಎಲ್ಲ ಹೇಳಿದಳು. ಗುಬ್ಬಿ ಕೇಳುತ್ತ ಕೇಳುತ್ತ ನೆಟ್ಟಗಾದಳು.

"ಹಾಗಾದರೆ ಗಿರಾಕಿ ನೋಡಿದ ಅಂಗಿ ಬೇಕು ನನಗೆ," ಎಂದಳು. "ನಿಮ್ಮ ಅಡುಗೆಮನೆಯ ಗಾಳಿಯೇ ಸೋಕದ್ದು. ರೋಗಿಯ ಮೈಯಿಂದ ನೇರವಾಗಿ ಬಂದದ್ದು."

ರಸ್ತೆಯ ಆಚೆ ಬದಿಗೇ ಆಸ್ಪತ್ರೆಯಿತ್ತು. ಮೂತ್ರದ ಸೋಂಕಿನ ರೋಗಿಗಳಿಗೆ ಅಲ್ಲೇನೂ ಬರವಿರಲಿಲ್ಲ. ಮೇಷ್ಟ್ರು ಪತ್ರ ಬರೆದುಕೊಟ್ಟರು. ಗುಬ್ಬಿ ದಿನಕ್ಕೆರಡು ಸಲ ರಸ್ತೆ ದಾಟಿ ಪೆಟ್ಟಿಗೆಯಲ್ಲಿ ಮಾದರಿಗಳನ್ನು ತಂದಳು. ಎರಡು ವಾರದಲ್ಲಿ ಮೂವತ್ತು ಸಿಕ್ಕವು. ಹಳದಿ ದ್ರವದ ನಳಿಗೆಗಳನ್ನು ಗಂಜಿಯಮ್ಮನೇ ತಯಾರಿಸಿದಳು. ಯೂರಿಯಾ ಬಿಸಿಗೆ ಕೆಡುವ ವಸ್ತು. ದ್ರವ ತಣ್ಣಗಾಗಿದೆಯೇ ಎಂದು ಮೊಣಕೈಗೆ ಪಾತ್ರೆ ತಾಗಿಸಿ ನೋಡಿ, ಮಗುವಿನ ಸ್ನಾನದ ನೀರು ನೋಡುವ ಹಾಗೆ ನೋಡಿ, ಆಮೇಲೆ ಸೋಸಿದ ಯೂರಿಯಾ ಬೆರೆಸಿದಳು.

ಮೂವತ್ತು ನಳಿಗೆಗಳ ಸಾಲನ್ನು ಇಬ್ಬರೂ ಬೆಳಿಗ್ಗೆ ಹತ್ತಕ್ಕೆ ಬೆಚ್ಚನೆಯ ಪೆಟ್ಟಿಗೆಯಲ್ಲಿಟ್ಟರು. ಹನ್ನೊಂದೂವರೆಗೆ ಗಂಜಿಯಮ್ಮ ಇಣುಕಿದಳು. ಮೂರು ಗುಲಾಬಿ.

"ಪದೇ ಪದೇ ಬಾಗಿಲು ತೆಗೀಬೇಡಿ, ಒಳಗೆ ತಣ್ಣಗಾಗುತ್ತೆ!" ಎಂದು ಗದರಿದ ಗುಬ್ಬಿ ಹನ್ನೆರಡಕ್ಕೆ ತಾನೇ ತೆಗೆದಳು. ಹನ್ನೊಂದು. ಒಂದು ಗಂಟೆಗೆ ಹತ್ತೊಂಬತ್ತು. ಊಟಕ್ಕೆ ಇಬ್ಬರೂ ಹೋಗಲಿಲ್ಲ. ಮೂರು ಗಂಟೆಗೆ ಇಪ್ಪತ್ತೊಂಬತ್ತು. ಒಂದು ಮಾತ್ರ ಹಳದಿಯಾಗಿ ಕೂತಿತ್ತು, ಮುಖ ಊದಿಸಿಕೊಂಡ ಮಗುವಿನ ಹಾಗೆ.

"ಬಾರಪ್ಪಾ, ಬಾರೋ ನನ್ನಪ್ಪಾ," ಎಂದಳು ಗಂಜಿಯಮ್ಮ ಅದಕ್ಕೆ. ನಾಲ್ಕೂಕಾಲಿಗೆ ಅದೂ ನಾಚಿಕೊಂಡಂತೆ ತುದಿಯಿಂದ ಕೆಂಪಗಾಗುತ್ತ ಬಂತು.

ಮೂವತ್ತಕ್ಕೆ ಮೂವತ್ತು.

ಆಮೇಲಿನ ವಾರ ಗುಬ್ಬಿ ಆ ಮೂವತ್ತರ ಜೀನುಗಳನ್ನು ಓದಿಸಿ ಸಾಲಾಗಿ ಜೋಡಿಸಿದಳು. ಕೆಳಗೆ ಓಡಿ ಬಂದಾಗ ಅವಳ ಕೈಯಲ್ಲಿ ಬಣ್ಣದ ಚುಕ್ಕೆಗಳಿದ್ದ ಕಾಗದವಿತ್ತು. "ನೋಡಿ! ಬದಲಾವಣೆ ಇಲ್ಲದೆ ಇಲ್ಲ. ಅಲ್ಲೊಂದು ಇಲ್ಲೊಂದು ಬೇಕಾದಷ್ಟಿವೆ. ಆದರೆ ಹತ್ತಿರ ಹತ್ತಿರ ಎಲ್ಲವೂ ಕತ್ತರಿಯ ಆಕಾರಕ್ಕೆ ಏನೂ ಆಗದಂಥವು. ಕತ್ತರಿಯ ಬಾಯಿ ಇರೋ ಜಾಗದಲ್ಲಿ ಒಂದೇ ಒಂದು ಚುಕ್ಕೆ ಇಲ್ಲ. ಅಲ್ಲಿ ಬದಲಾದವು ಬದುಕಲಿಲ್ಲ, ಅದಕ್ಕೇ ನಮ್ಮ ಕೈಗೆ ಬರಲಿಲ್ಲ. ನಿಮ್ಮ ಇಪ್ಪತ್ತನಾಲ್ಕರಲ್ಲಿ ನೋಡಿ, ಎಲ್ಲೆಂದರಲ್ಲಿ!"

"ಕಾಲರ್ ಹಾಗೇ ಇದೆ, ಜೇಬು ಮಾತ್ರ ಸೊಟ್ಟ."

"ಅದೇ! ನಾನು ಮೊದಲು ಹೇಳಿದ್ದು ತಲೆಕೆಳಗು. ದೇಹ ಕತ್ತರಿ ಬಿಸಾಕು ಅನ್ನಲ್ಲ, ಇಟ್ಕೋ ಅನ್ನುತ್ತೆ."

ಹದಿನೆಂಟರ ಬೆಳಿಗ್ಗೆ ಗಂಜಿಯಮ್ಮ ಇಸ್ತ್ರಿ ಮಾಡಿದ ಬಿಳಿ ಕೋಟು ಹಾಕಿಕೊಂಡು ಸಭಾಂಗಣದ ಮೂರನೇ ಸಾಲಿನಲ್ಲಿ ಕೂತಳು. ಹಿಂದೆ ತಿರುಗಿ ನೋಡಿದರೆ ಕೊನೆಯ ಸಾಲಿನಲ್ಲಿ ಗಂಡ! ಅಂಗಡಿ ಮುಚ್ಚಿ ಬಂದಿದ್ದ. ಯಾರು ಒಳಗೆ ಬಿಟ್ಟರೋ. ಕಣ್ಣಿನಲ್ಲೇ ಗದರಿದಳು. ಅವನು ಕಾಲರ್ ಸರಿಮಾಡಿಕೊಂಡು ಕೂತ.

ಪರೀಕ್ಷಕಿ ಬೆಳ್ಳಗೆ ನರೆತ ಕೂದಲಿನ ಹೆಂಗಸು. ಎದುರಿಗೆ ಗುಬ್ಬಿಯ ಪ್ರಬಂಧ. ಅದರ ಹಾಳೆಗಳ ನಡುವೆ ಇಪ್ಪತ್ತು ಮೂವತ್ತು ಗುರುತಿನ ಚೀಟಿಗಳು ನಾಲಗೆ ಚಾಚಿಕೊಂಡಿದ್ದವು. ಒಂದೊಂದೂ ಒಂದೊಂದು ಪ್ರಶ್ನೆ ಎಂದು ಗಂಜಿಯಮ್ಮನಿಗೆ ಯಾರೂ ಹೇಳಬೇಕಾಗಿರಲಿಲ್ಲ.

ಗುಬ್ಬಿ ಮುಚ್ಚುಮರೆಯಿಲ್ಲದೆ ಶುರುಮಾಡಿದಳು. ತಾನು ಮೊದಲು ಏನೆಂದುಕೊಂಡಿದ್ದೆ, ಅದು ಯಾಕೆ ತಪ್ಪು, ಫ್ರೀಜರ್ ಕೆಟ್ಟದ್ದು, ತಾರೀಖು, ಎಲ್ಲ ಹೇಳಿದಳು. ಮೂವತ್ತು ಹೊಸ ಬ್ಯಾಕ್ಟೀರಿಯಾ, ಇಪ್ಪತ್ತನಾಲ್ಕು ಸಾಕಿದ ಬ್ಯಾಕ್ಟೀರಿಯಾ, ಎರಡನ್ನೂ ಅಕ್ಕಪಕ್ಕ ಇಟ್ಟು ತೋರಿಸಿದಳು. ಕಾಲರು, ಜೇಬು ಎಂದಾಗ ಹಿಂದಿನಿಂದ ಯಾರೋ ಗಂಟಲು ಸರಿಮಾಡಿಕೊಂಡದ್ದು ಕೇಳಿಸಿತು.

"ಒಂದು ಪ್ರಶ್ನೆ," ಎಂದರು ಪರೀಕ್ಷಕಿ. "ಈ ಇಪ್ಪತ್ತನಾಲ್ಕರ ಮೇಲೆ ಇದ್ದ ಆಯ್ಕೆಯ ಒತ್ತಡ ಏನು? ನಿಖರವಾಗಿ ಹೇಳಿ. ಸುಮ್ಮನೆ ಪ್ರಯೋಗಾಲಯದ ಪರಿಸರ ಅಂದರೆ ನಾನು ಒಪ್ಪಲ್ಲ."

"ಮೂರನೇ ಸಾಲಿನಲ್ಲಿ ಕೂತಿದ್ದಾರೆ, ಮೇಡಂ."

ಸಭೆ ನಕ್ಕಿತು. ಪರೀಕ್ಷಕಿ ನಗಲಿಲ್ಲ. ಕನ್ನಡಕದ ಮೇಲಿನಿಂದ ನೋಡಿದರು. "ಎದ್ದು ನಿಲ್ಲಿ ತಾಯಿ. ನೀವು ಎಲ್ಲಾ ಸಲವೂ ದುಂಡಗಿದ್ದದ್ದನ್ನೇ ಎತ್ತಿದಿರಾ? ಒಂದು ಸಲವೂ ತಪ್ಪಲಿಲ್ಲವಾ?"

ಗಂಜಿಯಮ್ಮ ಎದ್ದು ನಿಂತಳು. "ತಪ್ಪಿದೆ ಮೇಡಂ. ಮಗಳಿಗೆ ಜ್ವರ ಬಂದ ವಾರ ಕೈಗೆ ಸಿಕ್ಕಿದ್ದನ್ನ ಎತ್ತಿದೆ. ಆಮೇಲೆ, ಏಳನೇ ನಂಬರಿನದು ಮೊದಲಿಂದಲೂ ಸಣಕಲು. ಅದರಲ್ಲಿ ದುಂಡಗಿರೋದೇ ಸಿಗ್ತಿರಲಿಲ್ಲ. ಇದ್ದದ್ದರಲ್ಲೇ ಎತ್ತುತ್ತಿದ್ದೆ."

ಪರೀಕ್ಷಕಿ ಪ್ರಬಂಧದ ಹಾಳೆ ಮಗುಚಿದರು. "ಏಳನೇ ನಂಬರು. ಅದರಲ್ಲಿ ಕತ್ತರಿ ಉಳಿದಿದೆ."

"ಉಳಿದಿದೆ," ಎಂದಳು ಗುಬ್ಬಿ. ದುಂಡಗಿನದನ್ನು ಆರಿಸಲು ಆಗದ ಕಡೆ ಕತ್ತರಿ ಉಳಿದುಕೊಂಡಿದೆ ಎಂದು ಅವಳಿಗೂ ಆಗಲೇ ಹೊಳೆದದ್ದು. ಬಾಯಿ ತೆರೆದುಕೊಂಡೇ ಇತ್ತು.

ಅದಾದ ಮೇಲೆ ಒಂದು ಗಂಟೆ ಪ್ರಶ್ನೆಗಳು ಬಂದವು. ಚೀಟಿಗಳು ಒಂದೊಂದಾಗಿ ಕಿತ್ತುಬಂದು ಮೇಜಿನ ಮೇಲೆ ಬಿದ್ದವು. ಕೆಲವಕ್ಕೆ ಗುಬ್ಬಿ ಟಕ್ಕನೆ ಉತ್ತರಿಸಿದಳು. ಕೆಲವಕ್ಕೆ ತಡವರಿಸಿದಳು. ಎರಡಕ್ಕೆ "ಗೊತ್ತಿಲ್ಲ ಮೇಡಂ" ಎಂದಳು. ಪ್ರತಿ ಸಲ ಅವಳು ತಡವರಿಸಿದಾಗ ಗಂಜಿಯಮ್ಮ ಕೋಟಿನ ಗುಂಡಿಯೊಂದನ್ನು ತಿರುವಿದಳು. ಕೊನೆಗೆ ಗುಂಡಿ ಕೈಗೇ ಬಂತು. ಆಮೇಲೆ ಎಲ್ಲರನ್ನೂ ಹೊರಗೆ ಕಳಿಸಿ ಬಾಗಿಲು ಮುಚ್ಚಿದರು.

ಮೊಗಸಾಲೆಯ ಬೆಂಚಿನ ಮೇಲೆ ಗುಬ್ಬಿ ಮುದುಡಿಕೊಂಡು ಕೂತಳು. "ಆ ಎರಡಕ್ಕೆ ಗೊತ್ತಿಲ್ಲ ಅನ್ನಬಾರದಿತ್ತು ಗಂಜಿಯಮ್ಮ."

"ಗೊತ್ತಿಲ್ಲದ್ದಕ್ಕೆ ಇನ್ನೇನು ಅಂತಿದ್ದೆ? ಸುಮ್ನೆ ಕೂತ್ಕೋ."

"ನನ್ನ ಮೇಲೆ ಸಿಟ್ಟಿತ್ತಾ ನಿಮಗೆ? ಆವತ್ತು ಕೆಳಗೆ ಹೋಗಿ ಅಂದೆನಲ್ಲ."

"ನಿನಗೆ ನನ್ನ ಮೇಲೆ ಇರಬೇಕಾದ್ದು ಕಣೇ ಸಿಟ್ಟು."

"ಇತ್ತು. ಮೂರು ದಿನ," ಎಂದಳು ಗುಬ್ಬಿ. "ನೀವು ಹೇಳದೆ ಇದ್ದಿದ್ದರೆ ಇವತ್ತು ಈ ಹೆಂಗಸು ನನ್ನನ್ನ ಉಪ್ಪಿನಕಾಯಿ ಹಾಕಿಬಿಡ್ತಿದ್ದರು." ತಲೆಯನ್ನು ಗಂಜಿಯಮ್ಮನ ಭುಜಕ್ಕೆ ಆನಿಸಿದಳು. ಅಷ್ಟು ಹೊತ್ತೂ ದೂರ ನಿಂತಿದ್ದ ದರ್ಜಿ ಹತ್ತಿರ ಬಂದು, "ಕಾಲರಿನ ಮಾತು ಹೇಳಿದಾಗ ಎಲ್ಲರೂ ತಲೆ ಆಡಿಸಿದರು, ನೋಡಿದೆಯಾ?" ಎಂದ.

ಇಪ್ಪತ್ತು ನಿಮಿಷದ ಮೇಲೆ ಬಾಗಿಲು ತೆರೆಯಿತು. ಮೇಷ್ಟ್ರು ಕನ್ನಡಕ ಒರೆಸುತ್ತ ಬಂದರು. ಹಿಂದೆ ಪರೀಕ್ಷಕಿ. ಅವರು ಗುಬ್ಬಿಯನ್ನು ದಾಟಿ ನೇರವಾಗಿ ಗಂಜಿಯಮ್ಮನ ಮುಂದೆ ನಿಂತರು.

"ನಿಮ್ಮಿಂದ ಒಂದು ಕೆಲಸ ಆಗಬೇಕು. ಈ ಮೂವತ್ತು ಹೊಸ ಬ್ಯಾಕ್ಟೀರಿಯಾನ ಸಾಕಬೇಕು. ಹದಿನೈದನ್ನ ಯಾವಾಗಲೂ ಮಾಡೋ ಹಾಗೆ, ದುಂಡಗಿದ್ದದ್ದನ್ನ ಎತ್ತಿ. ಇನ್ನು ಹದಿನೈದನ್ನ ಕಣ್ಣು ಮುಚ್ಚಿಕೊಂಡು ಎತ್ತಬೇಕು. ಮೂರು ವರ್ಷ. ಆಗುತ್ತಾ?"

"ಮೇಡಂ, ಮೊದಲು ಹುಡುಗಿ ಪಾಸಾ ಹೇಳಿ," ಎಂದಳು ಗಂಜಿಯಮ್ಮ.

ಪರೀಕ್ಷಕಿ ಮೇಷ್ಟ್ರ ಕಡೆ ತಿರುಗಿದರು. "ನೀವು ಇನ್ನೂ ಹೇಳಿಲ್ವೇನ್ರೀ?"

"ನೀವು ಹೇಳ್ತೀರಿ ಅಂತ ನಾನು…" ಎಂದರು ಮೇಷ್ಟ್ರು.

"ಪಾಸಮ್ಮಾ, ಪಾಸು! ಅವಳು ಡಾಕ್ಟರಾಗಿ ಹತ್ತು ನಿಮಿಷ ಆಯ್ತು."

ಗುಬ್ಬಿ ಬೆಂಚಿನಿಂದ ಎದ್ದಳು, ಮತ್ತೆ ಕೂತಳು, ಮತ್ತೆ ಎದ್ದಳು. ಆಮೇಲೆ ಎಲ್ಲಿ ಹೋಗಬೇಕೆಂದು ತಿಳಿಯದೆ ದರ್ಜಿಯ ಕೈ ಹಿಡಿದು ಕುಲುಕಿದಳು. ಅವನು ಅದನ್ನು ಬಹಳ ಗಂಭೀರವಾಗಿ ಸ್ವೀಕರಿಸಿದ.

"ಕಣ್ಣು ಮುಚ್ಚಿಕೊಂಡು ಎತ್ತೋದು ಸ್ವಲ್ಪ ಕಷ್ಟ ಮೇಡಂ," ಎಂದಳು ಗಂಜಿಯಮ್ಮ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ. "ಆದರೂ ಹೋಗಲಿ ಬಿಡಿ. ಸಣಕಲುಗಳಿಗೂ ಒಂದು ಪಾಳಿ ಬರುತ್ತಲ್ಲ. ಸೋಮವಾರದಿಂದ ಶುರು ಮಾಡ್ತೀನಿ."